ಹಳದಿ ಕಾರಿನ ಎಡಗಡೆ ಸೀಟು

"ಮುಟ್ಬೇಡಿ!"

ಬಾನೆಟ್ ಮೇಲೆ ಕೈ ಇಟ್ಟಿದ್ದ ತನುಜಾ ಬೆಚ್ಚಿ ಹಿಂದಕ್ಕೆ ಸರಿದಳು.

ಶೆಡ್ಡಿನ ಬಾಗಿಲಲ್ಲಿ ಒಬ್ಬ ನಿಂತಿದ್ದ. ಕೊರಳಲ್ಲಿ ಬಟ್ಟೆ ಅಳೆಯುವ ಟೇಪು, ಕೈಯಲ್ಲಿ ಇನ್ನೂ ಕತ್ತರಿ. ಅಂಗಡಿಯಿಂದ ಓಡಿಬಂದಿದ್ದ ಎನ್ನುವುದನ್ನು ಅವನ ಉಸಿರೇ ಹೇಳುತ್ತಿತ್ತು.

"ನಿಮ್ಮಮ್ಮನೇ ಒಳಗೆ ಬಿಟ್ಟಿದ್ದು…" ಎಂದಳು ತನುಜಾ. "ಹಳೇ ಕಾರುಗಳ ಗ್ರೂಪಲ್ಲಿ ಫೋಟೋ ಹಾಕಿದ್ರಲ್ಲ, ನೋಡೋಕೆ ಬತ್ತೀನಿ ಅಂತ ಮೆಸೇಜ್ ಮಾಡಿದ್ದೆ. ಟಿ.ಎಂ., ಕಡೂರು."

"ಅದು ನೀವಾ?"

"ಯಾಕೆ, ಮೀಸೆ ಇರಬೇಕಿತ್ತಾ?"

ಅವನು ನಗಲಿಲ್ಲ. ಹತ್ತಿರ ಬಂದು, ಬಾನೆಟ್ ಮೇಲೆ ಅವಳ ಬೆರಳಿನ ಗುರುತು ಬಿದ್ದ ಜಾಗವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದ.

'ಅಬ್ಬಾ, ಎಂಥಾ ಜಂಬ!' ಅಂದುಕೊಂಡಳು ತನುಜಾ.

ಅವನ ಹೆಸರು ಮೃತ್ಯುಂಜಯ. ತರೀಕೆರೆಯಲ್ಲಿ ಅವರದು ತಾತನ ಕಾಲದ ಜವಳಿ ಅಂಗಡಿ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಶೆಡ್ಡು, ಶೆಡ್ಡಿನಲ್ಲಿ ಈ ಹಳದಿ ಕಾರು. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮೈಯೆಲ್ಲ ಫೈಬರ್, ಮೇಲೆ ಮಡಚಿ ತೆಗೆಯಬಹುದಾದ ಬಟ್ಟೆಯ ಹುಡ್. ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷಗಳಾಗಿದ್ದವು. ಆ ಮಾದರಿಯ ಕಾರು ಈ ಸೀಮೆಯಲ್ಲಿ ಇದ್ದುದೇ ಎರಡು. ಒಂದು ಇದು. ಇನ್ನೊಂದು ತನುಜಾಳ ಕೆಂಪು ಕಾರು.

ತನುಜಾ ಅಜ್ಜಂಪುರದ ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಕ ಕೃಷಿ ಅಧಿಕಾರಿ. ಮನೆ ಕಡೂರಿನಲ್ಲಿ. ಪಂಚನಹಳ್ಳಿಯ ಸೋದರತ್ತೆಯ ಮನೆಗೆ ಹೋಗಿದ್ದಾಗ, ಪಕ್ಕದ ತೋಟದ ಕೊಟ್ಟಿಗೆಯಲ್ಲಿ ತೆಂಗಿನ ಗರಿಗಳ ಅಡಿಯಲ್ಲಿ ಆ ಕಾರು ಅವಳ ಕಣ್ಣಿಗೆ ಬಿದ್ದಿತ್ತು. ಅದರ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು! ಮರಿ ಒಡೆಯುವವರೆಗೆ ಕಾದು, ಆಮೇಲೆ ಲಾರಿಯಲ್ಲಿ ಹೇರಿಸಿ ಮನೆಗೆ ತಂದಿದ್ದಳು. ಅಂದಿನಿಂದ ಕಡೂರಿನ ಬೀದಿಯಲ್ಲಿ ಅದಕ್ಕೆ 'ಕೋಳಿ ಕಾರು' ಎಂದೇ ಹೆಸರು.

"ನನ್ನದರಲ್ಲಿ ವಾಟರ್ ಪಂಪ್ ಸೋರ್ತಿದೆ," ಎಂದಳು. "ಬೀರೂರು ದಾಟೋದರೊಳಗೆ ಇಂಜಿನ್ ಕಾದು ಸೂಜಿ ಕೆಂಪಿಗೆ ಹೋಗುತ್ತೆ. ಹೊಸಾದು ಎಲ್ಲೂ ಸಿಗ್ತಿಲ್ಲ. ನಿಮ್ಮದು ನಿಂತೇ ಇದೆಯಲ್ಲ, ಅದರ ಪಂಪ್ ಕೊಟ್ರೆ…"

"ಇದರಿಂದ ಒಂದು ನಟ್ಟೂ ಬಿಚ್ಚಲ್ಲ."

"ಯಾಕೆ, ಇದು ಓಡುತ್ತಾ?"

ಅವನು ಕೀ ತಿರುಗಿಸಿದ. ಇಂಜಿನ್ ಒಂದೇ ಸಲಕ್ಕೆ ಎದ್ದಿತು. ಎಷ್ಟು ನುಣುಪಾದ ಸದ್ದು! ತನುಜಾಳಿಗೆ ಒಳಗೊಳಗೇ ಹೊಟ್ಟೆಕಿಚ್ಚಾಯಿತು.

ಆಗಲೇ ಅವಳು ಟೈರು ನೋಡಿದ್ದು. ಹೊಸ ಟೈರಿನ ಮೇಲೆ ಸಣ್ಣ ರಬ್ಬರ್ ಕೂದಲುಗಳಿರುತ್ತವಲ್ಲ, ಅವು ಒಂದೂ ಸವೆಯದೆ ಹಾಗೇ ನಿಂತಿದ್ದವು. ಈ ಟೈರು ಹಾಕಿದ ಮೇಲೆ ಕಾರು ರಸ್ತೆಗೆ ಇಳಿದೇ ಇಲ್ಲ!

"ಓಡಿಸಲ್ವಾ?"

"ಇಲ್ಲ."

"ಇಷ್ಟು ಚೆನ್ನಾಗಿ ಇಟ್ಕೊಂಡು… ಓಡಿಸಲ್ವಾ?"

"ಇಷ್ಟ ಇಲ್ಲ," ಎಂದು ಅವನು ಇಂಜಿನ್ ಆರಿಸಿದ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಪಂಪ್ ಕೊಡಲ್ಲ ಕಣ್ರೀ. ಆದ್ರೆ ನಿಮ್ಮ ಪಂಪನ್ನೇ ರಿಪೇರಿ ಮಾಡಬಹುದು. ಭಾನುವಾರ ಬಂದು ನೋಡ್ಲಾ?" ಎಂದ.

ಆ ಭಾನುವಾರ ಅವನು ರೈಲಿನಲ್ಲಿ ಬಂದ.

ತನುಜಾಳ ಅಪ್ಪ ಮಲ್ಲಿಕಾರ್ಜುನಯ್ಯ ಕೊಬ್ಬರಿ ವ್ಯಾಪಾರಿ. ಅವರ ಹಳೇ ಗೋಡೌನೇ ಕೆಂಪು ಕಾರಿನ ಮನೆ. ಪಂಪ್ ಬಿಚ್ಚಿ ನೋಡಿದರೆ ಒಳಗಿನ ಸೀಲ್ ಪುಡಿಪುಡಿ. ಬೇರೆ ಯಾವುದೋ ಗಾಡಿಯ ಸೀಲು ತಂದು, ಬೀರೂರಿನ ಲೇತ್ ಅಂಗಡಿಯಲ್ಲಿ ಅದಕ್ಕೆ ತಕ್ಕ ಹಾಗೆ ಪಂಪಿನ ಒಳಬಾಯಿ ಕೊರೆಸಿದರು. ಮೊದಲು ಹಾಕಿದ ಸೀಲು ಮತ್ತೆ ಸೋರಿತು. ಎರಡನೆಯದು ನಿಂತಿತು.

ಮುಂದಿನ ಭಾನುವಾರ ರೇಡಿಯೇಟರ್. ಆಮೇಲೆ ಬ್ರೇಕು. ಹಳೇ ಕಾರಿಗೆ ಕೆಲಸ ಮುಗಿಯುವುದುಂಟೇ?

ಹುಡ್ ಹರಿದು ಚಿಂದಿಯಾಗಿತ್ತು. ಮೃತ್ಯುಂಜಯ ತನ್ನ ಅಂಗಡಿಯಿಂದಲೇ ದಪ್ಪ ಕ್ಯಾನ್ವಾಸ್ ತಂದು, ಗೋಡೌನಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಕೈಯಲ್ಲೇ ಹೊಲಿದ. ದಬ್ಬಳ ಬೆರಳಿಗೆ ಚುಚ್ಚಿದಾಗಲೆಲ್ಲ ಅವನು "ಶಿವಾ" ಅನ್ನುತ್ತಿದ್ದ, ಅವಳು ನಗುತ್ತಿದ್ದಳು.

"ನಗು ನಗು! ಮಳೇಲಿ ತಲೆ ಮೇಲೆ ನೀರು ಬಿದ್ದಾಗ ನನ್ನ ನೆನೆಸ್ಕೋತೀಯ."

"ನೀರು ಬೀಳೋ ಹಾಗೆ ಹೊಲೀತಿದೀಯಾ ಹಂಗಾದ್ರೆ?"

'ನೀವು' ಯಾವಾಗ 'ನೀನು' ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಅವನು ಬೈಯುವುದೂ ಅವಳಿಗೆ ಇಷ್ಟವಾಗತೊಡಗಿತು. "ಬೋಲ್ಟು ಅಷ್ಟು ಬಿಗೀಬೇಡ ಕಣೇ, ಫೈಬರ್ ಬಿರುಕು ಬಿಡುತ್ತೆ," ಎಂದು ಅವನು ಅವಳ ಕೈಯಿಂದ ಸ್ಪ್ಯಾನರ್ ತೆಗೆದುಕೊಳ್ಳುವಾಗ ಬೆರಳು ತಾಕುತ್ತಿತ್ತು. ಇಬ್ಬರೂ ತಾಕಲೇ ಇಲ್ಲವೆಂಬಂತೆ ಕೆಲಸ ಮುಂದುವರಿಸುತ್ತಿದ್ದರು.

ಒಂದು ಮಾತ್ರ ಅವಳಿಗೆ ಅರ್ಥವಾಗುತ್ತಿರಲಿಲ್ಲ.

"ಒಂದು ಸಲ ನಿನ್ನ ಕಾರಲ್ಲಿ ಬಾರೋ. ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆಯೋಣ."

"ರೈಲು ಆರಾಮ," ಎಂದು ಅವನು ಮಾತು ಬದಲಿಸುತ್ತಿದ್ದ.

ಅವಳು ಆಫೀಸಿಗೆ ಕಾರು ತೆಗೆದುಕೊಂಡು ಹೋಗಲು ಶುರುಮಾಡಿದ ಹೊಸತು. ಒಂದು ಸಂಜೆ, ಕೆಲಸ ಮುಗಿಸಿ ಅಜ್ಜಂಪುರದಿಂದ ಸೀದಾ ತರೀಕೆರೆಗೆ ಹೊರಟಳು. ಹುಡ್ ಹಾಕಿದ ಕಾರನ್ನು ಕಲ್ಲಮ್ಮನಿಗೆ, ಅಂದರೆ ಅವನ ತಾಯಿಗೆ, ತೋರಿಸಬೇಕೆಂಬ ಆಸೆ. ಅರ್ಧ ದಾರಿಯಲ್ಲಿ ಬಾನೆಟ್ ಒಳಗಿಂದ ಹಬೆ ಎದ್ದಿತು. ರೇಡಿಯೇಟರಿನ ನೀರಿನ ಹೋಸ್ ಸೀಳಿಹೋಗಿತ್ತು.

ಮೃತ್ಯುಂಜಯನಿಗೆ ಫೋನ್ ಮಾಡಿದಳು. "ಜಯಾ, ಹೋಸ್ ಒಡೆದೋಯ್ತು. ನಿನ್ನ ಹತ್ರ ಹೊಸದಿದೆಯಲ್ಲ, ತಗೊಂಡು ಕಾರಲ್ಲೇ ಬಂದ್ಬಿಡು. ಬೇಗ ಬಾ."

"ಬತ್ತೀನಿ," ಎಂದ.

ಅವಳು ಕಾದಳು. ಈರುಳ್ಳಿ ಹೇರಿಕೊಂಡ ಟ್ರ್ಯಾಕ್ಟರುಗಳು ಹೋದವು. ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸಿ, "ಮೇಡಂ, ತಳ್ಳಬೇಕಾ? ಒಂದು ರೌಂಡ್ ಕರ್ಕೊಂಡೋಗ್ತೀರಾ?" ಎಂದು ಹಲ್ಲು ಕಿರಿದರು. ಹೋಗಿ ಅಂದರೂ ಹೋಗಲಿಲ್ಲ. ಕಾರಿನ ಸುತ್ತ ಸುತ್ತಿದರು, ವಿಡಿಯೋ ತೆಗೆದರು. ಕತ್ತಲಾಗುವ ಹೊತ್ತು… ಅವಳು ಕಾರಿನೊಳಗೆ ಕೂತು ಬಾಗಿಲು ಭದ್ರ ಮಾಡಿಕೊಂಡಳು.

ಕೊನೆಗೆ ಒಂದು ಬಸ್ಸು ನಿಂತಿತು. ಚೀಲ ಹಿಡಿದುಕೊಂಡು ಮೃತ್ಯುಂಜಯ ಇಳಿದ. ಬೈಕಿನವರು ಜಾಗ ಖಾಲಿ ಮಾಡಿದರು.

"ಬಸ್ಸಲ್ಲಿ ಬಂದ್ಯಾ?"

"ಹ್ಞೂ. ಬಸ್ಸು ಬೇಗ ಸಿಗಲಿಲ್ಲ. ಸಾರಿ ತನು. ಜರುಗು, ಹೋಸ್ ಹಾಕ್ತೀನಿ."

"ಮನೇಲಿ ಕಾರಿಟ್ಕೊಂಡು ಬಸ್ಸಲ್ಲಿ ಬಂದ್ಯಾ? ಇಲ್ಲಿ ನಾನು ಒಬ್ಬಳೇ ನಿಂತಿದೀನಿ ಅಂತ ಗೊತ್ತಿತ್ತು ನಿನಗೆ!"

ಅವನು ಕ್ಲಿಪ್ ಸಡಿಲಿಸುತ್ತಿದ್ದ. ತಲೆ ಎತ್ತಲಿಲ್ಲ.

"ಮಾತಾಡೋ! ಟೈರು ಸವೆಯುತ್ತೆ ಅಂತಾನಾ? ಧೂಳಾಗುತ್ತೆ ಅಂತಾನಾ? ನಿನಗೆ ಆ ಕಾರಿಗಿಂತ ನಾನು ಕಡಿಮೆನಾ?"

ಏನೋ ಹೇಳಲು ಹೊರಟವನು ನುಂಗಿಕೊಂಡ. ಹೋಸ್ ಸಿಕ್ಕಿಸಿ, ನೀರು ತುಂಬಿ, "ಇನ್ನು ಹೋಗಬಹುದು," ಎಂದ.

"ಭಾನುವಾರ ಬರಬೇಡ," ಎಂದಳು ತನುಜಾ. "ಯಾವತ್ತೂ ಬರಬೇಡ."

ಅವನು ತಲೆಯಾಡಿಸಿದ. ಅವಳು ಕಾರು ತಿರುಗಿಸಿ ಕಡೂರಿನ ಕಡೆ ಹೊರಟಳು. ಕನ್ನಡಿಯಲ್ಲಿ, ರಸ್ತೆ ಬದಿಯಲ್ಲಿ ಬಸ್ಸಿಗೆ ಕಾಯುತ್ತ ನಿಂತವನು ಸ್ವಲ್ಪ ದೂರದವರೆಗೆ ಕಾಣುತ್ತಿದ್ದ.

ಕೆಲವು ವಾರಗಳು ಹೋದವು. ಅವನು ಬರಲಿಲ್ಲ, ಫೋನೂ ಮಾಡಲಿಲ್ಲ. ಅವಳು ಕಾರಿನ ಕೆಲಸ ಒಬ್ಬಳೇ ಮಾಡಿದಳು. ಬೋಲ್ಟು ಬಿಗಿಯುವಾಗ ಯಾರೂ ಬೈಯದಿದ್ದುದು ಅವಳಿಗೆ ಹಿಡಿಸಲಿಲ್ಲ. ಹಿಡಿಸಲಿಲ್ಲ ಎಂದು ಒಪ್ಪಿಕೊಳ್ಳಲೂ ಇಲ್ಲ.

ಒಂದು ದಿನ ಗ್ರೂಪಿನಲ್ಲಿ ಹಳದಿ ಕಾರಿನ ಫೋಟೋ ಬಂತು. 'ಮಾರಾಟಕ್ಕಿದೆ.' ದಾವಣಗೆರೆಯ ಜಯದೇವಪ್ಪ ಎನ್ನುವವರು ಮುಂದಿನ ಭಾನುವಾರ ನೋಡಲು ಬರುವುದಾಗಿ ಕೆಳಗೇ ಬರೆದಿದ್ದರು.

ತನುಜಾ ಮರುದಿನ ರಜೆ ಹಾಕಿ ತರೀಕೆರೆಯ ರೈಲು ಹತ್ತಿದಳು.

ಅವನು ಶೆಡ್ಡಿನಲ್ಲೇ ಇದ್ದ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನಾನು ಬೈದಿದ್ದಕ್ಕೆ ಮಾರ್ತಿದೀಯಾ?"

"ಇಲ್ಲ."

"ಮತ್ತೆ ಯಾಕೆ? ಒಂದು ನಟ್ಟೂ ಬಿಚ್ಚಲ್ಲ ಅಂದೋನು ಇಡೀ ಕಾರು ಕೊಡ್ತಿದೀಯಲ್ಲ!"

"ತನು, ನೀನು ಕೇಳಿದ್ದು ಸರಿಯಾಗೇ ಇತ್ತು. ಓಡಿಸೋಕಾಗದ ಮೇಲೆ ಕಾರು ಯಾಕೆ ಇಟ್ಕೋಬೇಕು? ನಾನು ನಿನಗೆ ಮೊದಲೇ…"

ಮಾತು ಅಲ್ಲಿಗೇ ನಿಂತಿತು. ಅವನ ಕಣ್ಣು ಅವಳನ್ನು ದಾಟಿ ಎಲ್ಲೋ ನೆಟ್ಟಿತು. ಕೈಯಲ್ಲಿದ್ದ ಬಟ್ಟೆ ಜಾರಿತು.

"ಜಯಾ?"

ಅವನು ನಿಂತಲ್ಲೇ ನೆಲಕ್ಕೆ ಬಿದ್ದ. ಮೈಯೆಲ್ಲ ಸೆಟೆದು, ಕೈಕಾಲು ಅದುರತೊಡಗಿದವು.

ತನುಜಾ ಕಿರುಚಿದಳು. ಏನು ಮಾಡಬೇಕೆಂದು ತೋಚದೆ, ಚಿಕ್ಕಂದಿನಿಂದ ಊರಲ್ಲಿ ನೋಡಿದ್ದ ಹಾಗೆ, ಕೈಗೆ ಸಿಕ್ಕ ಸ್ಪ್ಯಾನರನ್ನು ಅವನ ಮುಷ್ಟಿಗೆ ತುರುಕಲು ಹೋದಳು.

"ಕಬ್ಬಿಣ ಬೇಡ ಕಣಮ್ಮ, ಬಿಸಾಕು ಅದನ್ನ," ಎಂದರು ಕಲ್ಲಮ್ಮ. ಅವರು ಓಡಿ ಬರಲಿಲ್ಲ, ಸರಸರನೆ ನಡೆದು ಬಂದರು. "ಅದರಿಂದ ಏನೂ ಆಗಲ್ಲ. ತಲೆ ಕೆಳಗೆ ಮೆತ್ತಗಿರೋದು ಏನಾದ್ರೂ ಇಡು. ಅಷ್ಟೇ. ಅದಾಗಿ ಅದೇ ನಿಲ್ಲುತ್ತೆ."

ತನುಜಾ ದುಪಟ್ಟಾ ಮಡಚಿ ಅವನ ತಲೆಯಡಿ ಇಟ್ಟಳು. ಕಲ್ಲಮ್ಮ ಗಡಿಯಾರ ನೋಡುತ್ತ ಪಕ್ಕದಲ್ಲಿ ಕೂತರು. ನಡುಕ ನಿಂತ ಮೇಲೆ ಮಗನನ್ನು ಮಗ್ಗುಲಿಗೆ ಹೊರಳಿಸಿ ಬಾಯಿ ಒರೆಸಿದರು.

"ಫಿಟ್ಸ್ ಕಣಮ್ಮ. ನಾಲ್ಕು ವರ್ಷ ಆಯ್ತು. ಲಿಂಗದಹಳ್ಳಿ ರಸ್ತೇಲಿ ಈ ಕಾರು ಓಡಿಸ್ತಿದ್ದಾಗಲೇ ಮೊದಲನೇ ಸಲ ಬಂದಿದ್ದು. ಮೋರಿ ಕಟ್ಟೆಗೆ ಗುದ್ದಿಬಿಟ್ಟ. ಪುಣ್ಯ, ಯಾರಿಗೂ ಏನೂ ಆಗಲಿಲ್ಲ. ಡಾಕ್ಟ್ರು ಇನ್ನು ಸ್ಟೇರಿಂಗ್ ಮುಟ್ಟಬೇಡ ಅಂದ್ರು. ಅವತ್ತಿಂದ ಮುಟ್ಟಿಲ್ಲ. ಒಡೆದಿದ್ದನ್ನೆಲ್ಲ ತಾನೇ ಕೂತು ಸರಿ ಮಾಡ್ದ, ಓಡಿಸೋದು ಮಾತ್ರ ಇಲ್ಲ."

"ನನಗೆ ಯಾಕೆ ಹೇಳಲಿಲ್ಲ ಅಮ್ಮ?"

"ಹೇಳ್ತೀನಿ ಅಂತಿದ್ದ. ನಾನೇ ಬೇಡ ಅಂದೆ." ಕಲ್ಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. "ಬಂದ ಸಂಬಂಧ ಎಲ್ಲ ಇದಕ್ಕೇ ತಪ್ಪಿ ಹೋಯ್ತಲ್ಲ. ನೀನೂ ಹೋಗ್ಬಿಡ್ತೀಯ ಅಂತ ಹೆದರಿಕೆ. ಮಾತ್ರೆ ತಗೊಂಡು ಚೆನ್ನಾಗೇ ಇದ್ದ, ತಿಂಗಳುಗಟ್ಟಲೆ ಬಂದಿರಲಿಲ್ಲ. ಈಚೆಗೆ ನಿದ್ದೆ ಬಿಟ್ಟ, ಮಾತ್ರೇನೂ ಮರೆತ."

ಎಚ್ಚರವಾದ ಮೃತ್ಯುಂಜಯ ಮೊದಲು ತಾಯಿಯನ್ನು ನೋಡಿದ. ಆಮೇಲೆ ತನುಜಾಳನ್ನು ನೋಡಿ ಮುಖ ತಿರುಗಿಸಿಕೊಂಡ.

"ಗೊತ್ತಾಯ್ತಲ್ಲ," ಎಂದ ತೊದಲುತ್ತ. "ಹೋಗು."

ಭಯವೋ, ಸಿಟ್ಟೋ, ಸಂಕಟವೋ ತಿಳಿಯದ ಸ್ಥಿತಿಯಲ್ಲಿ ಅವಳು ಎದ್ದು ಹೊರಟುಬಿಟ್ಟಳು. ಅದನ್ನೇ ಅವನು ಉತ್ತರವೆಂದುಕೊಂಡ.

ಮನೆಗೆ ಬಂದಾಗ ಮಲ್ಲಿಕಾರ್ಜುನಯ್ಯ ಜಗಲಿಯಲ್ಲಿ ಕೂತು, ಒಣಗಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪಿನಿಂದ ಬಿಟ್ಟಿದೆಯೇ ಎಂದು ನೋಡುತ್ತಿದ್ದರು. ತನುಜಾ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ಬಸ್ಸಿನಲ್ಲಿ ಬಂದವನಿಗೆ ತಾನು ಆಡಿದ ಮಾತನ್ನೂ ಬಿಡಲಿಲ್ಲ.

ಅವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಕಾಯಿಲೆ ಯಾರಿಗೂ ಹೇಳಿ ಬರಲ್ಲ ಕಣವ್ವ. ಮುಚ್ಚಿಟ್ಟಿದ್ದು ನನಗೆ ಬೇಜಾರು."

"ನನಗೂ ಅದೇ ಬೇಜಾರು ಅಪ್ಪಾಜಿ."

"ಮದುವೆ ಮಾತಿಗೆ ನಾನು ಹ್ಞೂ ಅನ್ನಲ್ಲ. ಉಹ್ಞೂ ಅಂತಾನೂ ಅನ್ನಲ್ಲ. ಒಂದು ಮಾತು ಕೇಳ್ತೀನಿ. ಪಾಪ ಅಂತ ಅವನ ಹತ್ರ ಹೋಗ್ತಿದೀಯಾ?"

ತನುಜಾ ಒಂದು ಕಾಯಿ ಎತ್ತಿಕೊಂಡು ಕೈಯಲ್ಲಿ ತಿರುಗಿಸಿದಳು.

"ಪಾಪ ಅಂತಾದ್ರೆ ಹಣ್ಣು ತಗೊಂಡು ಹೋಗಿ ಮಾತಾಡಿಸ್ಕೊಂಡು ಬಂದ್ಬಿಡು. ಅದಕ್ಕೆ ಮದುವೆ ಬೇಡ."

ಆ ಪ್ರಶ್ನೆ ಅವಳನ್ನು ವಾರವಿಡೀ ಬಿಡಲಿಲ್ಲ. ಕಡೂರಿನ ಆಸ್ಪತ್ರೆಯಲ್ಲಿ ಪರಿಚಯದ ಡಾಕ್ಟರನ್ನು ಕಂಡು ಕೇಳಿದಳು. ಮಾತ್ರೆ, ನಿದ್ದೆ ಸರಿಯಾಗಿದ್ದರೆ ಬಹಳ ಜನ ಎಲ್ಲರ ಹಾಗೇ ಬದುಕುತ್ತಾರೆ ಎಂದರು. ಮತ್ತೆ ಬರುವುದೇ ಇಲ್ಲ ಎಂದು ಮಾತ್ರ ಯಾರೂ ಬರೆದುಕೊಡಲಾರರು ಎಂದೂ ಹೇಳಿದರು.

'ಪಾಪ ಅಂತಾನಾ?'

ನೆಲದಲ್ಲಿ ಬಿದ್ದಿದ್ದ ಅವನು ಕಣ್ಣ ಮುಂದೆ ಬರುತ್ತಿದ್ದ. ಆದರೆ ಅದಕ್ಕಿಂತ ಹೆಚ್ಚಾಗಿ, ಚಕ್ಕಳಮಕ್ಕಳ ಹಾಕಿ ಕ್ಯಾನ್ವಾಸ್ ಹೊಲಿಯುತ್ತಿದ್ದವನು ಬರುತ್ತಿದ್ದ. ಅವನ ಬೈಗುಳ ಬರುತ್ತಿತ್ತು. ಅವಳಿಗೆ ಅವನು ಬೇಕಿತ್ತು. ತನಗಾಗಿಯೇ ಬೇಕಿತ್ತು. ಅದರಲ್ಲಿ ಪಾಪ ಅನ್ನುವುದೇನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ತರೀಕೆರೆಗೆ ಬಂದಾಗ ಜಯದೇವಪ್ಪ ಶೆಡ್ಡಿನಲ್ಲಿ ಕಾರಿನ ಸುತ್ತ ಸುತ್ತುತ್ತಿದ್ದರು. ದಪ್ಪ ಮನುಷ್ಯ, ನಗುಮುಖ.

"ಬೊಂಬೆ ಇಟ್ಟಂಗಿಟ್ಟೀರಿ ಬಿಡ್ರೀ! ಒಂದು ಸುತ್ತು ಓಡಿಸಿ ತೋರಿಸ್ರಲ್ಲ."

ಮೃತ್ಯುಂಜಯ ಕೀ ಹಿಡಿದು ಸುಮ್ಮನೆ ನಿಂತಿದ್ದ. ಬಾಗಿಲಲ್ಲಿ ತನುಜಾಳನ್ನು ಕಂಡು ಅವನ ಮುಖ ಬಿಳಿಚಿತು.

ಅವಳು ಸೀದಾ ಬಂದು ಅವನ ಕೈಯಿಂದ ಕೀ ತೆಗೆದುಕೊಂಡಳು.

"ನಾನು ಓಡಿಸ್ತೀನಿ ಸಾರ್. ಇವರು ಪಕ್ಕದಲ್ಲಿ ಕೂತು ಇಂಜಿನ್ ಸದ್ದು ಕೇಳಬೇಕು. ನೀವು ಕಾಫಿ ಕುಡೀತಿರಿ, ಬಂದ್ಬಿಡ್ತೀವಿ."

"ತನು, ಏನಿದು…"

"ಹತ್ತೋ."

ಅವನು ಎಡಗಡೆ ಸೀಟಿನಲ್ಲಿ ಕೂತ. ತನ್ನ ಕಾರಿನಲ್ಲಿ ಆ ಕಡೆ ಅವನು ಕೂತದ್ದು ಅದೇ ಮೊದಲು. ಕಾಲು ಎಲ್ಲಿಡಬೇಕೆಂದು ತಿಳಿಯದವನಂತೆ ತಡಕಾಡಿದ. ಕಾರು ಗಲ್ಲಿಯಿಂದ ಈಚೆ ಬಂದು, ಪೇಟೆ ದಾಟಿ, ಲಿಂಗದಹಳ್ಳಿಯ ರಸ್ತೆ ಹಿಡಿಯಿತು. ಹುಡ್ ತೆಗೆದಿತ್ತು. ಎದುರಿಗೆ ದೂರದಲ್ಲಿ ಬೆಟ್ಟದ ಸಾಲು.

"ಇಲ್ಲೇ," ಎಂದ ಅವನು ಒಂದು ಮೋರಿಯ ಹತ್ತಿರ.

ಅವಳು ಕಾರು ನಿಧಾನ ಮಾಡಿದಳು. ಒಂದು ಕಡೆಯ ಕಟ್ಟೆ ಇನ್ನೂ ಮುರಿದಿತ್ತು. ಇನ್ನಷ್ಟು ಮುಂದೆ ಹೋಗಿ, ರಸ್ತೆ ಬದಿಯಲ್ಲಿ ನಿಲ್ಲಿಸಿದಳು.

"ನನಗೆ ಸಿಟ್ಟಿದೆ ಜಯಾ. ಕಾಯಿಲೆ ಮೇಲಲ್ಲ. ಅವತ್ತು ರಸ್ತೇಲಿ ಅಷ್ಟು ಮಾತು ಆಡಿದೆ, ನೀನು ಸುಮ್ನೆ ಕೇಳಿಸ್ಕೊಂಡು ನಿಂತೆಯಲ್ಲ, ಅದಕ್ಕೆ."

"ಹೇಳಿದ್ರೆ ಹೋಗ್ತೀಯ ಅಂತ…"

"ಹೇಳದೇನೂ ಹೋದೆನಲ್ಲ!"



"ತಪ್ಪಾಯ್ತು," ಎಂದ. "ತನು, ನೀನು ನೋಡಿದ್ದು ಒಂದು ಸಲ. ಮತ್ತೆ ಬರಬಹುದು. ಮದುವೆ ದಿನವೇ ಬರಬಹುದು. ಮಗು ಎತ್ಕೊಂಡಿರುವಾಗ ಬರಬಹುದು. ಯೋಚನೆ ಮಾಡಿದೀಯಾ?"

"ಮಾಡಿದೀನಿ. ಹೆದರಿಕೆ ಆಗುತ್ತೆ. ಆಗಲ್ಲ ಅಂತ ಸುಳ್ಳು ಹೇಳಲ್ಲ." ಅವಳು ಅವನ ಕಡೆ ತಿರುಗಿದಳು. "ಆದ್ರೂ ನೀನು ಬೇಕು. ಮಾತ್ರೆ ಮರೀಬೇಡ. ನನ್ನ ಹತ್ರ ಏನೂ ಮುಚ್ಚಿಡಬೇಡ. ಇಷ್ಟು ಸಾಕು ನನಗೆ."

ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಅವಸರ ಮಾಡಲಿಲ್ಲ. ಒಂದು ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೈ ತೆಗೆದು ಅವಳ ಕೈ ಹಿಡಿದುಕೊಂಡ.

"ಅವತ್ತು ನಿನ್ನ ಮಾತಿಗೆ ಉತ್ತರ ಕೊಡಲಿಲ್ಲ ನಾನು. ಈ ಕಾರಿಗಿಂತ ನೀನು ಕಡಿಮೆ ಅಲ್ಲ ಕಣೇ. ಯಾವುದಕ್ಕೂ ಕಡಿಮೆ ಅಲ್ಲ. ನೀನಂದ್ರೆ ನನಗೆ ಪ್ರಾಣ."

ಅಷ್ಟರಲ್ಲಿ ಅವನ ಫೋನ್ ಬಡಿದುಕೊಂಡಿತು. ಜಯದೇವಪ್ಪ!

"ಅಯ್ಯೋ, ಏನು ಹೇಳ್ಲಿ?"

"ನಿನ್ನ ಕಾರು, ನಿನ್ನಿಷ್ಟ. ಮಾರೋದಾದ್ರೆ ಮಾರು. ನಾನು ಕಾರಿಗೋಸ್ಕರ ಬಂದಿಲ್ಲ."

ಅವನು ಫೋನ್ ಕಿವಿಗಿಟ್ಟ. "ಸಾರ್… ಕ್ಷಮಿಸಿ ಸಾರ್. ಅಷ್ಟು ದೂರದಿಂದ ಬಂದಿದೀರ. ಕಾರು ಕೊಡೋಕಾಗಲ್ಲ… ಇಲ್ಲ ಸಾರ್, ಬೇರೆಯವರಿಗೂ ಕೊಡ್ತಿಲ್ಲ… ಓಡಿಸೋರು ಮನೇಲೇ ಸಿಕ್ಕಿದ್ರು ಸಾರ್."

ತನುಜಾ ನಗು ತಡೆಯಲು ಸ್ಟೇರಿಂಗ್ ಮೇಲೆ ತಲೆಯಿಟ್ಟಳು.

"ಬೈದ್ರಾ?"

"ಇಲ್ಲ, ನಕ್ರು. ಊಟ ಮಾಡ್ಕೊಂಡೇ ಹೋಗ್ತಾರಂತೆ. ಅಮ್ಮ ಆಗಲೇ ಎಲೆ ಹಾಕ್ತಿದಾಳಂತೆ."

"ಅಮ್ಮನಿಗೆ ಏನಂತ ಹೇಳ್ತೀಯ?"

"ನೀನೇ ಹೇಳು. ನಾನು ಹೇಳಿದ್ರೆ ನಂಬಲ್ಲ."

"ಹೇಳ್ತೀನಿ ಬಿಡು," ಎಂದು ತನುಜಾ ಗೇರು ಹಾಕಿದಳು.

"ತನು… ನಿಧಾನಕ್ಕೆ ಹೋಗು."

"ಯಾಕೋ, ಹೆದರಿಕೆನಾ?"

"ಇಲ್ಲ ಕಣೇ. ಮನೆ ಬೇಗ ಬಂದ್ಬಿಡುತ್ತೆ."